ಸಾಯದೇ ಉಳಿದ ಇಲಿಗಳು

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಆಗ ಮೆಷಿನ್‌ಗಳೇ ಇರ್ಲಿಲ್ವಲ್ಲ ಸಾರ್, ಮುಪ್ಪನ್ನ ಹೇಗೆ ಅಳೀತಿದ್ರಿ?" ಇಲಿಯ ಬಾಲದಿಂದ ಎಂದರೆ ನಗುತ್ತಾರೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ತಮಾಷೆಯಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸದಲ್ಲಿ ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಏನು ಹೇಳಿದರು ಎಂಬುದು ಯಾರಿಗೂ ಉಪಯೋಗವಿಲ್ಲ. ಉಪಯೋಗಕ್ಕೆ ಬರಬಹುದಾದದ್ದು ಒಂದು ಪ್ರಯೋಗ ಕೆಟ್ಟ ಬಗೆ. ಅದು ಕೆಟ್ಟದ್ದರಲ್ಲಿ ನನ್ನ ಪಾಲೂ ಇದೆ. ಅದನ್ನೂ ಬರೆಯುತ್ತೇನೆ.

ನಾನು ಮೊದಲು ಎರಡು ವರ್ಷ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವವನಾಗಿದ್ದೆ. ಅಲ್ಲಿನ ಮುಖ್ಯ ಉಪಸಂಪಾದಕರು ಮಿತಭಾಷಿ. ನನಗೆ ಅವರು ಕಲಿಸಿದ್ದು ಎರಡೇ. ನೋಡದ್ದನ್ನು ನೋಡಿದೆ ಎಂದು ಬರೆಯಬೇಡ. ಸುದ್ದಿ ತೀರಾ ಚೆನ್ನಾಗಿದ್ದರೆ ಮೂಲ ಪ್ರತಿ ತೆಗೆದು ನೋಡು. ಆ ಎರಡನ್ನೂ ಕಲಿತೆ ಎಂದುಕೊಂಡು, ಬಿ.ಎಸ್ಸಿ. ಓದಿದ್ದಕ್ಕೆ ತಕ್ಕ ಕೆಲಸ ಬೇಕೆಂದು, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮುಪ್ಪಿನ ಬಗ್ಗೆ ಸಂಶೋಧನೆ ನಡೆಸುವ ಒಂದು ಸಣ್ಣ ಘಟಕಕ್ಕೆ ಸಹಾಯಕನಾಗಿ ಸೇರಿದೆ. ವಿಜಯನಗರದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಲ್ಲಿಂದ ಸೈಕಲ್ಲಿನಲ್ಲಿ ಮಾಗಡಿ ರಸ್ತೆ ದಾಟಿ, ರಾಜಾಜಿನಗರದ ಮನೆಗಳು ಮುಗಿದು ರಾಗಿ ಹೊಲ ಶುರುವಾಗುವ ಕಡೆಗೆ ಹೋದರೆ ನಮ್ಮ ಘಟಕ. ಎರಡು ಕೋಣೆಯ ಪ್ರಯೋಗಾಲಯ, ಹಿಂದೆ ಮಂಗಳೂರು ಹೆಂಚಿನ ಉದ್ದನೆಯ ಕಟ್ಟಡ. ಆ ಉದ್ದನೆಯದಕ್ಕೆ ಕಾಗದದಲ್ಲಿ ಪ್ರಾಣಿಗೃಹ ಎಂದು ಹೆಸರು. ನಾವು ಕರೆಯುತ್ತಿದ್ದದ್ದು ಇಲಿ ಮನೆ.

ಘಟಕದ ಮುಖ್ಯಸ್ಥರು ಡಾಕ್ಟರ್ ಪದ್ಮನಾಭಯ್ಯ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿ ಬಿಟ್ಟು ಬಂದವರು, ಐವತ್ತೈದರ ಆಸುಪಾಸು. ಅವರಿಗೆ ಒಂದು ಅಭ್ಯಾಸವಿತ್ತು, ಆಗ ನಾವ್ಯಾರೂ ಅದನ್ನು ಗಮನಿಸಲಿಲ್ಲ. ವಿಜ್ಞಾನ ಮಾತಾಡುವಾಗ ಇಂಗ್ಲಿಷು, ಕೆಲಸ ಹೇಳುವಾಗ ಕನ್ನಡ. ನಾನು ಎರಡೂ ಕೇಳುತ್ತಿದ್ದೆ. ಇಲಿ ಮನೆಯನ್ನು ನೋಡಿಕೊಳ್ಳುತ್ತಿದ್ದ ಹನುಮಯ್ಯನ ಪಾಲಿಗೆ ಬಂದದ್ದು ಕೆಲಸ ಮಾತ್ರ.

ಹನುಮಯ್ಯ ಹೆಗ್ಗನಹಳ್ಳಿಯವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನಾನು ಹನುಮಣ್ಣ ಎನ್ನುತ್ತಿದ್ದೆ. ಅವನ ಹೊಲ ಬಡಾವಣೆಗೆ ಹೋಗಿ, ಒಂದಿಷ್ಟು ಕುರಿ ಉಳಿದಿದ್ದವು. ಬೆಳಗ್ಗೆ ಆರಕ್ಕೆ ನಡೆದು ಬರುತ್ತಿದ್ದ. ದಿನಗೂಲಿ. ಕೆಲಸ ಖಾಯಂ ಆಗುತ್ತದೆ ಎಂದು ಸೇರಿದ ದಿನವೇ ಹೇಳಿದ್ದರಂತೆ. ಆ ಮಾತನ್ನು ಹಿಡಿದುಕೊಂಡು ಒಂದು ದಿನವೂ ರಜೆ ಹಾಕದೆ ಬರುತ್ತಿದ್ದ.

ಪ್ರಯೋಗ ಹೇಳಲು ಸುಲಭ. ನಲವತ್ತು ಬಿಳಿ ಇಲಿಮರಿಗಳು. ಅರ್ಧಕ್ಕೆ ದಿನಾ ಹೊಟ್ಟೆ ತುಂಬ ತಿಂಡಿ. ಇನ್ನರ್ಧಕ್ಕೆ ಒಂದು ದಿನ ತಿಂಡಿ, ಒಂದು ದಿನ ನೀರು ಮಾತ್ರ. ಮೊದಲನೆಯವನ್ನು ಊಟದ ಇಲಿ ಎಂದೂ ಎರಡನೆಯವನ್ನು ಉಪವಾಸದ ಇಲಿ ಎಂದೂ ಕರೆದೆವು. ಯಾವುವು ಎಷ್ಟು ದಿನ ಬದುಕುತ್ತವೆ, ಯಾವುಗಳಿಗೆ ಮುಪ್ಪು ತಡವಾಗಿ ಬರುತ್ತದೆ ಎಂದು ನೋಡುವುದು. ಕಡಿಮೆ ತಿಂದ ಇಲಿ ಹೆಚ್ಚು ಬದುಕುತ್ತದೆ ಎಂದು ಹೊರದೇಶದಲ್ಲಿ ಮೊದಲೇ ಕಂಡಿದ್ದರು. ನಮ್ಮ ಉಪವಾಸದ ಪದ್ಧತಿಯಲ್ಲಿ ಅದನ್ನು ತೋರಿಸಬೇಕೆಂಬುದು ಡಾಕ್ಟರ ಆಸೆ.

ಒಂದೊಂದು ಇಲಿಯನ್ನೂ ಗುರುತಿಸಲು ಕಿವಿಯ ಅಂಚಿಗೆ ಸಣ್ಣ ಕಚ್ಚು ಹಾಕಬೇಕು. ಬಲಗಿವಿಯ ಕಚ್ಚಿಗೆ ಒಂದು ಬೆಲೆ, ಎಡಗಿವಿಯದಕ್ಕೆ ಇನ್ನೊಂದು, ಎರಡನ್ನೂ ಕೂಡಿದರೆ ಇಲಿಯ ಸಂಖ್ಯೆ. ನನ್ನ ಕೈ ನಡುಗಿ ಮೊದಲ ಮರಿಯ ಕಿವಿಯನ್ನೇ ಹರಿದುಬಿಟ್ಟೆ. ಹನುಮಣ್ಣ ಕತ್ತರಿ ಇಸಿದುಕೊಂಡ. "ಕೊಡಿ ಸ್ವಾಮಿ. ಕುರಿ ಕಿವಿಗೆ ಹಾಕೋ ಕಚ್ಚೇ ತಾನೆ ಇದು? ನಮ್ಮ ಮಂದೆ ಯಾವ್ದು, ಪಕ್ಕದ ಮನೆಯೋರ್ದು ಯಾವ್ದು ಅಂತ ಇನ್ನೆಂಗೆ ಗೊತ್ತಾಗ್ಬೇಕು?" ನಲವತ್ತಕ್ಕೂ ಅವನೇ ಹಾಕಿದ. ಒಂದು ಹನಿ ರಕ್ತ ಬರಲಿಲ್ಲ. ಗುರುತಿನ ಪಟ್ಟಿ ಒಮ್ಮೆ ಹೇಳಿದ್ದಕ್ಕೆ ಬಾಯಿಪಾಠ ಮಾಡಿಕೊಂಡ. ಡಾಕ್ಟರು ನೋಡಿ ಮೆಚ್ಚಿ, ಇನ್ನು ಮುಂದೆ ಈ ಕೆಲಸ ಅವನದೇ ಎಂದರು.

ಮೊದಲ ಬೇಸಿಗೆಯಲ್ಲಿ ಒಂದು ಅವಘಡವಾಯಿತು. ನೀರಿನ ಬಾಟಲಿಯ ಗಾಜಿನ ನಳಿಕೆ ಕಟ್ಟಿಕೊಂಡು ಉಪವಾಸದ ಎರಡು ಇಲಿಗಳು ಸತ್ತವು. ಬಾಟಲಿ ತುಂಬಿಯೇ ಇತ್ತು. ಹೊರಗಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಡಾಕ್ಟರು ಇಲಿ ಮನೆಯ ಬಾಗಿಲಲ್ಲಿ ನಿಂತು ಕೂಗಾಡಿದರು.

"ನೀರು ಕೂಡ ನೋಡೋಕಾಗಲ್ವೇನಯ್ಯಾ ನಿನಗೆ? ಮೂರು ವರ್ಷದ ಕೆಲಸ ಕಣಯ್ಯಾ ಇದು! ಉಪವಾಸದ ಇಲಿ ಇನ್ನೊಂದು ಸತ್ರೆ, ಮಾರನೇ ದಿನದಿಂದ ನೀನು ಬರ್ಬೇಡ."

ಹನುಮಣ್ಣ ತಲೆ ತಗ್ಗಿಸಿ ನಿಂತಿದ್ದ. "ಇಲ್ಲ ಬುದ್ಧಿ. ಇನ್ನೊಂದು ಸಾಯಾಕಿಲ್ಲ."

ನಾನು ಆ ದಿನದ ಪುಸ್ತಕದಲ್ಲಿ ಬರೆದೆ: ನೀರಿನ ನಳಿಕೆ ಕಟ್ಟಿ ಎರಡು ಸಾವು, ಪರಿಚಾರಕನಿಗೆ ಎಚ್ಚರಿಕೆ ನೀಡಲಾಯಿತು. ಅವನು ಕೊಟ್ಟ ಉತ್ತರವನ್ನು ಬರೆಯಲಿಲ್ಲ. ಬರೆಯುವಷ್ಟು ಮುಖ್ಯ ಅನಿಸಲಿಲ್ಲ.

ನನ್ನ ದಿನಚರಿ ಹೀಗಿತ್ತು. ಬೆಳಗ್ಗೆ ಬಂದು ಇಲಿ ಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂರುವುದು. ಒಳಗೆ ಮೂತ್ರದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು, ಆದ್ದರಿಂದ ಬಾಗಿಲಲ್ಲಿ. ಹನುಮಣ್ಣ ಒಳಗಿನಿಂದ ಕೂಗುವನು: "ಉಪವಾಸ ಹದಿನೆಂಟು! ಊಟ ಇಪ್ಪತ್ತು!" ನಾನು 'ಜೀವಂತ' ಎಂಬ ಕಾಲಮ್ಮಿನಲ್ಲಿ ಬರೆದು ಸಹಿ ಹಾಕುವೆನು. ಸೋಮವಾರ ತೂಕ. ಅವನು ಒಂದೊಂದಾಗಿ ಇಲಿಯನ್ನು ತಗಡಿನ ಡಬ್ಬಿಯಲ್ಲಿ ತಂದು ತಕ್ಕಡಿಗಿಟ್ಟು, ಕಿವಿ ನೋಡಿ ಸಂಖ್ಯೆ ಹೇಳುವನು. ನಾನು ತಕ್ಕಡಿ ನೋಡುವೆನು. ಕಿವಿ ಅವನ ಕೆಲಸ, ತಕ್ಕಡಿ ನನ್ನ ಕೆಲಸ. ಹೀಗೆಂದು ಯಾರೂ ಹೇಳಿರಲಿಲ್ಲ, ಹಾಗೆ ನಡೆದುಕೊಂಡು ಬಂತು.

ಎರಡು ವರ್ಷ ಕಳೆಯಿತು. ಊಟದ ಇಲಿಗಳು ಮುದಿಯಾದವು. ಬಿಳಿ ತುಪ್ಪಳ ಹಳದಿಯಾಯಿತು, ಬೆನ್ನು ಬಾಗಿತು, ಕೆಲವಕ್ಕೆ ಗಡ್ಡೆ ಬಂತು. ಒಂದೊಂದಾಗಿ ಸಾಯತೊಡಗಿದವು. ಹನುಮಣ್ಣ ಸತ್ತದ್ದನ್ನು ಹಳೇ ಪೇಪರಿನ ಮೇಲೆ ಮಲಗಿಸಿ ತಂದುಕೊಡುವನು, ಡಾಕ್ಟರು ಕೊಯ್ದು ನೋಡುವರು. ಉಪವಾಸದ ಇಲಿಗಳು? ಹದಿನೆಂಟು. ಮುಂದಿನ ತಿಂಗಳೂ ಹದಿನೆಂಟು. ಅದರ ಮುಂದಿನ ತಿಂಗಳೂ. ಮೈ ಸಣ್ಣದು, ತುಪ್ಪಳ ಹಾಲಿನಂತೆ ಬಿಳಿ, ಚುರುಕಾದ ಓಡಾಟ. ಡಾಕ್ಟರು ದಿನಕ್ಕೆರಡು ಸಲ ಬಂದು ಪಂಜರಗಳ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಅವರ ಊಟದ ಡಬ್ಬಿ ಬರಲಿಲ್ಲ. ಕೇಳಿದೆ. "ಇವತ್ತು ನನಗೂ ನೀರೇ," ಎಂದು ನಕ್ಕರು. ಇಲಿಗಳ ಸರದಿಯಲ್ಲೇ ಅವರೂ ಉಪವಾಸ ಹಿಡಿದಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ವಿಜಯನಗರದ ವಾಚನಾಲಯವೊಂದರಲ್ಲಿ ನಿವೃತ್ತರ ಮುಂದೆ ಅವರು ಭಾಷಣ ಮಾಡಿದರು. ಹಿರಿಯರು ಉಪವಾಸವಿದ್ದರೆ ಏನಾಗುತ್ತದೆಂದು ಅಳೆದು ನೋಡುವ ಯೋಜನೆಗೆ ಹತ್ತಾರು ಜನ ಅಲ್ಲೇ ಹೆಸರು ಬರೆಸಿದರು. ಮುಂದಿನ ಏಕಾದಶಿಯಿಂದ ಶುರು. ಹೆಸರು ಬರೆಸಿದವರಲ್ಲಿ ನನ್ನ ಮನೆಯ ಮಾಲೀಕರು, ನಿವೃತ್ತ ಹೆಡ್‌ಮಾಸ್ಟರು ರಾಮಕೃಷ್ಣಯ್ಯನವರೂ ಒಬ್ಬರು.

"ನಮ್ಮಜ್ಜಿ ಮಾಡ್ತಿದ್ದ ಏಕಾದಶಿಗೆ ಈಗ ವಿಜ್ಞಾನದ ಮೊಹರು ಬಿತ್ತು ನೋಡಪ್ಪಾ ಶಂಕರ," ಎಂದು ಮೇಷ್ಟ್ರು ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದರು. "ನಿನ್ನ ಇಲಿ ಒಂದೂ ಸತ್ತಿಲ್ವಂತೆ, ನಿಜಾನಾ?"

"ನಿಜ ಸಾರ್. ದಿನಾ ನಾನೇ ಬರೀತೀನಿ."

ಅವರ ಹೆಂಡತಿ ಒಳಗಿನಿಂದಲೇ ಕೇಳಿದರು. "ಆ ಇಲಿಗಳಿಗೆ ಸಕ್ಕರೆ ಕಾಯಿಲೆ ಇತ್ತಾ ಕೇಳಿ."

"ನೀನು ಸುಮ್ನಿರೇ," ಎಂದರು ಮೇಷ್ಟ್ರು.

ಇನ್ನು ಬಾಲದ ವಿಷಯ. ಇಲಿಗೆ ಈಥರ್ ಕೊಟ್ಟು ಬಾಲದ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಒಳಗಿನಿಂದ ರೇಷ್ಮೆ ಎಳೆಯಂಥ ಬಿಳಿಯ ನಾರು ಬರುತ್ತದೆ. ಅದರ ತುದಿಗೆ ಸಣ್ಣ ಸೀಸದ ತೂಕ ಕಟ್ಟಿ, ಬೆಚ್ಚಗಿನ ಯೂರಿಯಾ ದ್ರಾವಣವಿರುವ ಗಾಜಿನ ಕೊಳವೆಯಲ್ಲಿ ಇಳಿಬಿಡಬೇಕು. ನಾರು ಕರಗುತ್ತಾ ಕಡೆಗೆ ತುಂಡಾಗುತ್ತದೆ. ಎಷ್ಟು ಹೊತ್ತಿಗೆ ತುಂಡಾಯಿತು ಎಂಬುದೇ ವಯಸ್ಸಿನ ಅಳತೆ. ಪ್ರಾಯದ ಇಲಿಯ ನಾರು ಬೇಗ ತುಂಡಾಗುತ್ತದೆ. ಮುದಿಯಾದಂತೆ ನಾರಿನ ಒಳಗೆ ಬಂಧಗಳು ಹೆಚ್ಚಿ ಬಿರುಸಾಗುತ್ತದೆ, ತುಂಡಾಗಲು ಬಹಳ ಹೊತ್ತು ಹಿಡಿಯುತ್ತದೆ. ಗಡಿಯಾರ ಹಿಡಿದು ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಈಗ ಇದನ್ನೆಲ್ಲ ಯಂತ್ರವೇ ನೋಡಿ ಕಾಗದದ ಮೇಲೆ ಬರೆದುಕೊಡುತ್ತದೆ.

ಇಲಿಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಡಾಕ್ಟರು ಎರಡೂ ಗುಂಪಿನ ಬಾಲ ನೋಡೋಣ ಎಂದರು. ಊಟದ ಇಲಿಗಳಲ್ಲಿ ಬದುಕಿ ಉಳಿದಿದ್ದ ಒಂದರ ನಾರನ್ನು ಬೆಳಗ್ಗೆ ಇಳಿಬಿಟ್ಟೆ. ಮಧ್ಯಾಹ್ನ ಊಟ ಮುಗಿಸಿ ಬಂದರೂ ಅದು ತೂಕ ಹೊತ್ತು ನಿಂತೇ ಇತ್ತು. ಸರಿ, ಮುದಿ ಇಲಿ, ಹಾಗೇ ಇರಬೇಕು. ಆಮೇಲೆ ಉಪವಾಸದ ಒಂಬತ್ತನೇ ಸಂಖ್ಯೆಯ ನಾರು ಕಟ್ಟಿ ಇಳಿಬಿಟ್ಟೆ. ಅದರದ್ದು ಸ್ವಲ್ಪ ಬೇಗ ತುಂಡಾಗಬಹುದೆಂದು ನಮ್ಮ ಎಣಿಕೆ. ಸಮಯ ಬರೆದುಕೊಂಡು, ಹಿಂದಿನ ಪುಟ ತಿದ್ದುತ್ತಿದ್ದೆ. ಟಣ್ ಎಂದು ಗಾಜಿನ ತಳಕ್ಕೆ ಸೀಸ ಬಿದ್ದ ಸದ್ದಾಯಿತು. ಗಂಟು ಬಿಚ್ಚಿಕೊಂಡಿತೆಂದುಕೊಂಡೆ. ಗಂಟು ಸರಿಯಾಗಿತ್ತು. ನಾರೇ ತುಂಡಾಗಿತ್ತು. ಇನ್ನೊಂದು ಎಳೆ ಕಟ್ಟಿದೆ. ಮತ್ತೆ ಟಣ್. ಬೇರೆ ಎರಡು ಉಪವಾಸದ ಇಲಿಗಳ ನಾರನ್ನೂ ನೋಡಿದೆ. ಅಷ್ಟೇ ಬೇಗ. ಅದು ಹರೆಯದ ಇಲಿಯ ಅಳತೆ.

ಡಾಕ್ಟರು ಬಂದು ಅಂಕಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರು ವಿಜ್ಞಾನವನ್ನು ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗ.

"ಶಂಕರ್, ಮುಪ್ಪು ತಡವಾಗಿಲ್ಲ ಕಣಯ್ಯ ಇದು. ಮುಪ್ಪು ಬಂದೇ ಇಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಆ ಸಂಜೆಯೇ ದೆಹಲಿಯ ಸಮ್ಮೇಳನವೊಂದಕ್ಕೆ ಪ್ರಬಂಧ ಕಳಿಸುವುದಾಗಿ ತಂತಿ ಕೊಟ್ಟರು. ಹೊರಡುವ ಮುಂಚೆ, "ಹನುಮಯ್ಯನ ಖಾಯಂ ಆರ್ಡರಿಗೆ ನಾಳೆಯೇ ಕಾಗದ ಬರೀತೀನಿ. ಇಷ್ಟು ಚೆನ್ನಾಗಿ ಸಾಕಿದ್ದಾನೆ," ಎಂದರು. ಕಿಟಕಿಯ ಆಚೆ ತಿಂಡಿಯ ಹಿಟ್ಟು ಕಲಸುತ್ತಿದ್ದ ಹನುಮಣ್ಣ ತಲೆ ಎತ್ತಲಿಲ್ಲ.

ಸುದ್ದಿ ತೀರಾ ಚೆನ್ನಾಗಿತ್ತು. ನನಗೆ ಉಪಸಂಪಾದಕರ ಎರಡನೇ ಮಾತು ನೆನಪಾಯಿತು. ತೂಕದ ಪುಸ್ತಕ ತೆಗೆದು ಒಂಬತ್ತನೇ ಸಂಖ್ಯೆಯನ್ನು ಮೊದಲಿನಿಂದ ಓದಿದೆ. ಹಿಂದಿನ ವರ್ಷ ಕೆಲವು ವಾರ ಇಲಿಯ ತೂಕ ಇಳಿಯುತ್ತಾ ಹೋಗಿತ್ತು. ಗೌರಿ ಹಬ್ಬವಾದ ಮೇಲಿನ ಸೋಮವಾರ ಇದ್ದಕ್ಕಿದ್ದಂತೆ ಏರಿತ್ತು. ಆಮೇಲೆ ಎರಡು ತಿಂಗಳು, ವಾರವಾರವೂ, ಸ್ವಲ್ಪಸ್ವಲ್ಪವೇ ಏರಿತ್ತು. ಮುದಿ ಇಲಿ ಸೊರಗಬಹುದು, ಚೇತರಿಸಿಕೊಳ್ಳಬಹುದು. ಬೆಳೆಯುವುದಿಲ್ಲ. ಇದು ಬೆಳೆದಿತ್ತು. ನಾಲ್ಕನೇ ಸಂಖ್ಯೆಯದೂ ಹಾಗೇ. ಹದಿನಾಲ್ಕರದು ಎರಡು ಸಲ. ಅಷ್ಟನ್ನೂ ಬರೆದದ್ದು ನನ್ನ ಕೈ. ಪ್ರತಿ ಪುಟದ ಕೆಳಗೆ ನನ್ನ ಸಹಿ. ಕರಡಿನಲ್ಲಿ ಒಂದು ಅಕ್ಷರ ತಪ್ಪಿದರೆ ಹಿಡಿಯುತ್ತಿದ್ದವನು ಇದನ್ನು ಒಂದು ವರ್ಷ ಬರೆದು ಓದಿರಲಿಲ್ಲ.

ಮಾರನೇ ಬೆಳಗ್ಗೆ ನಾನು ಮೂರು ವರ್ಷದಲ್ಲಿ ಮೊದಲ ಬಾರಿ ಇಲಿ ಮನೆಯ ಒಳಗೆ ಹೋಗಿ ಪಂಜರದ ಬಾಗಿಲು ನಾನೇ ತೆಗೆದೆ. ಒಂಬತ್ತನೇ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಕಿವಿಯ ಕಚ್ಚು ಇರಬೇಕಾದ ಕಡೆ ಇತ್ತು. ಹಲ್ಲು ನೋಡಿದೆ, ಪಾದ ನೋಡಿದೆ. ಎಳೆಯ ಪ್ರಾಣಿ.

ಹನುಮಣ್ಣ ನೀರಿನ ಬಾಟಲಿ ಹಿಡಿದು ನಿಂತಿದ್ದ. "ನೋಡಿದ್ರಾ ಸ್ವಾಮಿ," ಎಂದ. ಪ್ರಶ್ನೆಯಲ್ಲ. ಯಾರಾದರೂ ನೋಡಲಿ ಎಂದು ಬಹಳ ದಿನದಿಂದ ಕಾದವನ ಹಾಗಿತ್ತು.

"ಯಾವುದು ಹನುಮಣ್ಣ ಇದು?"

"ಬನ್ನಿ."

ಇಲಿ ಮನೆಯ ಹಿಂದೆ ಹೊಂಗೆ ಮರವಿತ್ತು. ಅದರ ಬುಡದಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು, ಸಾಲಾಗಿ. ಎಷ್ಟೋ ಸಲ ಆ ಮರದಡಿ ಸೈಕಲ್ ನಿಲ್ಲಿಸಿದ್ದೆ, ಕಲ್ಲು ಕಂಡಿರಲಿಲ್ಲ. ಅವನು ಕಾಲ ಹೆಬ್ಬೆರಳಲ್ಲಿ ತೋರಿಸುತ್ತಾ ಹೋದ.

"ಇದು ನಾಲ್ಕು. ಮಾಗಡಿ ರಸ್ತೇಲಿ ಬಸ್ ಮಗುಚಿತ್ತಲ್ಲ, ಅವತ್ತು. ಇದು ಒಂಬತ್ತು, ಗೌರಿ ಹಬ್ಬದ ಹಿಂದಿನ ದಿನ ಬೆಳಗ್ಗೆ. ಇದು ಹದಿನಾಲ್ಕು, ನನ್ನ ತಮ್ಮನ ಹೆಂಡ್ತಿ ಹೆತ್ತ ದಿನ." ಸ್ವಲ್ಪ ಮುಂದೆ ಹೋಗಿ, "ಇದೂ ಹದಿನಾಲ್ಕೇ. ಎರಡ್ನೇದು. ಅದು ಜಡ್ಡಾಗಿ ಹೋಯ್ತು."

ನಾನು ಎಣಿಸಿದೆ. ಮತ್ತೆ ಎಣಿಸಿದೆ.

"ಹಾಗಾದ್ರೆ ಮೊದಲಿನವು ಎಷ್ಟು ಉಳಿದಿವೆ?"

"ಒಂದೂ ಇಲ್ಲ ಸ್ವಾಮಿ. ಕಡೇದು ಸಂಕ್ರಾಂತಿಗೆ ಹೋಯ್ತು."

ಒಂದೂ ಇಲ್ಲ. ಡಾಕ್ಟರು ದಿನಕ್ಕೆರಡು ಬಾರಿ ಮುಂದೆ ನಿಂತು ನೋಡುತ್ತಿದ್ದ ಹದಿನೆಂಟರಲ್ಲಿ, ನಾನು 'ಜೀವಂತ' ಎಂದು ಸಹಿ ಹಾಕಿದ ಹದಿನೆಂಟರಲ್ಲಿ, ಒಂದೂ ಇರಲಿಲ್ಲ.

ಅವನು ಮಾಡಿದ್ದು ಹೀಗೆ. ಇಲಿ ಮನೆಯ ಇನ್ನೊಂದು ತುದಿಯಲ್ಲಿ ಮರಿ ಹಾಕಿಸುವ ಇಲಿಗಳಿದ್ದವು. ಹೆಚ್ಚಾದ ಮರಿಗಳನ್ನು ವಾರಕ್ಕೊಮ್ಮೆ ಕ್ಲೋರೋಫಾರಂ ಕೊಟ್ಟು ಮುಗಿಸಬೇಕು, ಅದೂ ಅವನದೇ ಕೆಲಸ. ಅವುಗಳಿಗೆ ಪುಸ್ತಕವಿರಲಿಲ್ಲ. ಉಪವಾಸದ ಇಲಿ ಸತ್ತ ಬೆಳಗ್ಗೆ ಆ ಮರಿಗಳಲ್ಲಿ ಸರಿಯಾದ ಗಾತ್ರದ್ದೊಂದನ್ನು ಆರಿಸಿ, ಅದೇ ಕಚ್ಚು ಹಾಕಿ ಪಂಜರಕ್ಕೆ ಬಿಡುತ್ತಿದ್ದ. ಉಪವಾಸದ ಇಲಿಗಳು ಹೇಗೂ ಸಣಕಲು, ಆದ್ದರಿಂದ ಅರ್ಧ ಬೆಳೆದ ಇಲಿ ಅವುಗಳ ನಡುವೆ ಎದ್ದು ಕಾಣುತ್ತಿರಲಿಲ್ಲ.

"ಊಟದ ಇಲಿ ಸತ್ತಾಗ ತಂದ್ಕೊಡ್ತಿದ್ದೆಯಲ್ಲ?"

"ಅವು ಹೊಟ್ಟೆ ತುಂಬ ತಿಂದು ಆಯಸ್ಸು ಮುಗ್ದು ಸತ್ವು. ನನ್ನ ತಪ್ಪೇನೈತೆ? ಇವ್ಕೆ ನಾನು ತಿನ್ನೋಕೆ ಹಾಕ್ಲಿಲ್ಲ. ಇವು ಸತ್ರೆ ನನ್ನ ತಲೆಗೆ ತಾನೆ? ಡಾಕ್ಟರಯ್ಯನೂ ಅದ್ನೇ ಅಂದ್ರು. ಇನ್ನೊಂದು ಸತ್ರೆ ಬರ್ಬೇಡ ಅಂತ." ಕಲ್ಲುಗಳ ಕಡೆ ನೋಡಿ ಅಂದ: "ಒಂದು ಸತ್ತಿತ್ತು. ಇನ್ನೊಂದ್ನ ನಾನೇ ಸಾಯಿಸ್ಬೇಕಾಗಿತ್ತು. ಎರಡೂ ಯಾಕೆ ಹೋಗ್ಬೇಕು ಅಂದ್ಕೊಂಡೆ."

ಅವನು ಸಾಲು ತಪ್ಪಿದ್ದ ಒಂದು ಕಲ್ಲನ್ನು ಕಾಲಲ್ಲಿ ಸರಿಸಿಟ್ಟ.

"ಆರ್ಡರ್ ಬರೋಗಂಟ ಸುಮ್ಕಿರ್ತೀರಾ ಸ್ವಾಮಿ?"

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಎರಡು ದಿನ ಸುಮ್ಮನಿದ್ದೆ. ಅವನ ಕೆಲಸ ಹೋಗುತ್ತದೆಂಬ ಮರುಕದಿಂದ ಎಂದು ಬರೆದರೆ ಪೂರ್ತಿ ಸತ್ಯವಾಗುವುದಿಲ್ಲ. ಪುಸ್ತಕದಲ್ಲಿದ್ದದ್ದು ನನ್ನ ಸಹಿ. ಆ ಎರಡು ಬೆಳಗ್ಗೆಯೂ ಅವನು ಒಳಗಿನಿಂದ "ಉಪವಾಸ ಹದಿನೆಂಟು" ಎಂದು ಕೂಗಿದ. ಧ್ವನಿ ಸಣ್ಣದಾಗಿತ್ತು. ನಾನು ಬರೆದುಕೊಂಡೆ. ಗೊತ್ತಿದ್ದೂ ಬರೆದ ಸುಳ್ಳು ಆ ಎರಡು ಸಾಲು.

ಮೂರನೇ ಬೆಳಗ್ಗೆ ಸೈಕಲ್ ಇಳಿಸುತ್ತಿದ್ದಾಗ ಮೇಷ್ಟ್ರು ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಹಾಲಿನ ಬಾಟಲಿ ಉರುಳಿ ಹಾಲು ಚೆಲ್ಲಿತ್ತು. ಮೈಯೆಲ್ಲ ಬೆವರು, ಮಾತು ತೊದಲುತ್ತಿತ್ತು. ಅವರ ಹೆಂಡತಿ ಸಕ್ಕರೆ ನೀರು ಕುಡಿಸುತ್ತಿದ್ದರು. ಏಕಾದಶಿಯವರೆಗೆ ಕಾಯದೆ ಅವರು ಹಿಂದಿನ ವಾರವೇ ಶುರುಮಾಡಿದ್ದರಂತೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗುತ್ತಾ. ಸ್ವಲ್ಪ ಚೇತರಿಸಿಕೊಂಡ ಮೇಲೆ ಆ ತಾಯಿ ನನ್ನ ಕಡೆ ತಿರುಗಿದರು. ಬೈಯಲಿಲ್ಲ.

"ಇಲಿ ಒಂದೂ ಸತ್ತಿಲ್ಲ ಅಂತ ನೀನೇ ಹೇಳಿದ್ದಲ್ವೇನಪ್ಪಾ? ದಿನಾ ನಾನೇ ಬರೀತೀನಿ ಅಂತ?"

ನಾನು ಅಲ್ಲಿಂದ ನೇರ ಡಾಕ್ಟರ ಕೋಣೆಗೆ ಹೋದೆ. ತೂಕದ ಪುಸ್ತಕ ಮುಂದಿಟ್ಟು ಎಲ್ಲ ಹೇಳಿದೆ. ಅವರ ಮುಂದೆ ದೆಹಲಿಗೆ ಕಳಿಸುವ ಪ್ರಬಂಧದ ಬೆರಳಚ್ಚು ಪ್ರತಿ ಇತ್ತು.

"ಎಷ್ಟು ಬದಲಾಗಿವೆ?"

"ಎಲ್ಲಾ ಸಾರ್."

"ಎಲ್ಲಾ ಅಂದ್ರೆ?"

"ಮೊದಲಿನವು ಒಂದೂ ಇಲ್ಲ ಸಾರ್."

ಅವರು ಎದ್ದು ನಿಂತರು, ಮತ್ತೆ ಕೂತರು. ನೀರಿನ ಲೋಟ ಎತ್ತಲು ಹೋಗಿ ಅಲ್ಲೇ ಬಿಟ್ಟರು. ಅಂದು ಅವರಿಗೂ ಉಪವಾಸದ ದಿನ. ಹನುಮಣ್ಣನನ್ನು ಕರೆಸಿದರು. ಅವನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ನಿಂತ.

"ಯಾಕಯ್ಯಾ ಹೀಗೆ ಮಾಡ್ದೆ?"

"ಸಾಯ್ಬಾರ್ದು ಅಂದ್ರಲ್ಲ ಬುದ್ಧಿ."

"ಅವು ಯಾವತ್ತು ಸಾಯ್ತವೆ ಅಂತ ತಿಳ್ಕೊಳ್ಳೋಕೇ ಅಲ್ವೇನಯ್ಯಾ ನಾವು ಸಾಕಿದ್ದು!"

ಹನುಮಣ್ಣ ಅವರ ಮುಖವನ್ನೇ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅವನ ಮುಖದಲ್ಲಿ ಕಂಡಂಥ ದಿಗ್ಭ್ರಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

"ಅದ್ನ ಯಾರೂ ನಂಗೆ ಯೋಳ್ಲಿಲ್ವಲ್ಲ ಬುದ್ಧಿ," ಎಂದ.

ಡಾಕ್ಟರು ನನ್ನನ್ನು ಕೇಳಿದರು. "ಇನ್ನೊಂದು ಸತ್ರೆ ಬರ್ಬೇಡ ಅಂತ ನಾನು ಅಂದಿದ್ನಾ?" ನಾನು ಆ ಬೇಸಿಗೆಯ ಪುಟ ತೆಗೆದೆ. ಎಚ್ಚರಿಕೆ ನೀಡಲಾಯಿತು ಎಂದಷ್ಟೇ ಇತ್ತು. ನನಗೆ ಮಾತು ನೆನಪಿತ್ತು. "ಅಂದಿದ್ರಿ ಸಾರ್," ಎಂದೆ.

ಆ ದಿನ ಮಧ್ಯಾಹ್ನವೇ ಡಾಕ್ಟರು ದೆಹಲಿಗೆ ಇನ್ನೊಂದು ತಂತಿ ಕೊಟ್ಟು ಪ್ರಬಂಧ ಹಿಂದಕ್ಕೆ ಪಡೆದರು. ಹೆಸರು ಬರೆಸಿದ್ದ ನಿವೃತ್ತರಿಗೆಲ್ಲ ನನ್ನ ಕೈಯಲ್ಲೇ ಕಾರ್ಡು ಬರೆಸಿದರು: ಉಪವಾಸದ ಯೋಜನೆ ಕೈಬಿಡಲಾಗಿದೆ, ದಯವಿಟ್ಟು ಎಂದಿನಂತೆ ಊಟ ಮಾಡಿ. ನಾಲ್ಕು ಗಂಟೆಗೆ ಹೊರಗಿನ ಹೋಟೆಲಿನಿಂದ ಉಪ್ಪಿಟ್ಟು ತರಿಸಿಕೊಂಡು, ಗೋಡೆ ನೋಡುತ್ತಾ ತಿಂದರು.

ಆಡಳಿತದವರಿಗೆ ಅವರು ಬರೆದ ಪತ್ರವನ್ನು ನಾನೇ ಟೈಪು ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ಪರಿಚಾರಕನ ವಂಚನೆ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅವರು ಬರೆದದ್ದು, ಪ್ರಯೋಗ ಯಾಕೆ ಎಂಬುದನ್ನು ಪರಿಚಾರಕನಿಗೆ ತಿಳಿಸಿರಲಿಲ್ಲ, ತಪ್ಪು ನನ್ನದು. ಕೆಳಗೆ ನಾನು ಒಂದು ಸಾಲು ಸೇರಿಸಲು ಅಪ್ಪಣೆ ಕೇಳಿದೆ. ಇಲಿಗಳ ಸಂಖ್ಯೆ ಕೇಳಿ ಬರೆದಿದ್ದೇನೆ, ನೋಡಿ ಬರೆದಿಲ್ಲ.

ಒಂದು ಮಾತು ಉಳಿದಿದೆ. ಹನುಮಣ್ಣನಿಗೆ ಒಂದೊಂದು ಇಲಿ ಸತ್ತ ದಿನವೂ ನೆನಪಿತ್ತು. ಪಂಚಾಂಗ ತಂದು, ಅವನ ಹಬ್ಬ, ಹೆರಿಗೆ, ಮಳೆ, ಬಸ್ಸು ಎಲ್ಲವನ್ನೂ ತಾರೀಖು ಮಾಡಿ ಒಂದು ಹಾಳೆಯಲ್ಲಿ ಬರೆದುಕೊಂಡೆ. ಡಾಕ್ಟರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ಬೆರಳಿಟ್ಟು ಕೂಡಿಸಲು ಶುರುಮಾಡಿದರು. ಅರ್ಧಕ್ಕೆ ಬಿಟ್ಟು, "ಬೇಡ. ಎತ್ತಿಡು," ಎಂದರು. ಉಪವಾಸದ ಇಲಿಗಳು ಊಟದವಕ್ಕಿಂತ ಹೆಚ್ಚು ಬದುಕಿದ್ದವೋ ಇಲ್ಲವೋ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಹಾಳೆ ನನ್ನಲ್ಲಿದೆ. ಹೇಳುವುದಿಲ್ಲ. ನೋಡಿ ಬರೆದದ್ದಲ್ಲ ಅದು.

ಮುಂದಿನ ಬೇಸಿಗೆಯ ಹೊತ್ತಿಗೆ ಹೊಸ ಮರಿಗಳು ಬಂದವು. ಪ್ರಯೋಗ ಮೊದಲಿನಿಂದ. ಡಾಕ್ಟರು ಪಟ್ಟು ಹಿಡಿದು ಬರೆದ ಕಾಗದಗಳಿಂದ ಹನುಮಣ್ಣನ ಖಾಯಂ ಆರ್ಡರೂ ಅದೇ ವಾರ ಬಂತು. ಡಾಕ್ಟರು ಅವನನ್ನು ಕೋಣೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಅವನು ಅಂಚಿನಲ್ಲಿ ಕೂತ. ಆರ್ಡರು ಅವನ ಕೈಗೆ ಕೊಟ್ಟು, ಮುಪ್ಪು ಎಂದರೇನು, ಈ ಇಲಿಗಳಿಂದ ನಾವು ತಿಳಿಯಬೇಕಾದ್ದೇನು ಎಂದು ಅರ್ಧ ಗಂಟೆ ಕನ್ನಡದಲ್ಲಿ ವಿವರಿಸಿದರು. ಅಷ್ಟು ಚೆನ್ನಾಗಿ ಅವರು ಆ ವಿಷಯ ಹೇಳಿದ್ದನ್ನು ನಾನು ಯಾವ ಸಮ್ಮೇಳ‌ನದಲ್ಲೂ ಕೇಳಲಿಲ್ಲ.

ಹನುಮಣ್ಣ ಪೂರ್ತಿ ಕೇಳಿಸಿಕೊಂಡ. "ಅಂಗಂದ್ರೆ, ನಾನು ಎಷ್ಟೇ ಚೆನ್ನಾಗಿ ಸಾಕಿದ್ರೂ ಇವು ನನ್ನ ಕೈಯಲ್ಲೇ ಸಾಯ್ಬೇಕು?"

"ಹೌದು. ಎಲ್ಲವೂ. ಅವುಗಳ ಕಾಲಕ್ಕೆ ಅವು."

"ಸಾಯೋದ್ನ ಕಾದು ಕೂತ್ಕೊಂಡು ನಿಮ್ಗೆ ಯೋಳ್ಬೇಕು?"

"ಅದೇ ನಿನ್ನ ಕೆಲಸ."

ಅವನು ಆರ್ಡರನ್ನು ಮಡಿಸಿದ ಹಾಗೆಯೇ ಮೇಜಿನ ಮೇಲಿಟ್ಟ. "ನನ್ನ ಕೈಲಾಗಲ್ಲ ಬುದ್ಧಿ. ಗೊತ್ತಿಲ್ದಾಗ ಮಾಡ್ದೆ. ಗೊತ್ತಿದ್ದೂ ಮಾಡೋಕಾಗಲ್ಲ."

"ಖಾಯಂ ಕಣಯ್ಯಾ! ಪಿಂಚಣಿ ಬರತ್ತೆ! ಹೊಲ ಬೇರೆ ಇಲ್ಲ ನಿನಗೆ!"

"ಕುರಿ ಅವೆ," ಎಂದ.

ಡಾಕ್ಟರು ಕೂತಲ್ಲೇ ಇದ್ದರು. ಆ ಕೆಲಸ ಉಳಿಸಿಕೊಳ್ಳಲು ಸತ್ತ ಇಲಿಗಳನ್ನು ಗುಟ್ಟಾಗಿ ಹೂತವನು, ಕೆಲಸ ಏನೆಂದು ಗೊತ್ತಾದ ಅರ್ಧ ಗಂಟೆಗೆ ಬಿಟ್ಟು ಎದ್ದಿದ್ದ. ನನಗೆ ಬಾಲದ ನಾರು ತುಂಡಾದಾಗ ಆದದ್ದಕ್ಕಿಂತ ದೊಡ್ಡ ಆಘಾತ ಅದು.

ಮಾರನೇ ಬೆಳಗ್ಗೆ ನಾನು ಬಂದಾಗ ಅವನು ಇಲಿ ಮನೆಯೊಳಗಿದ್ದ. ಮನಸ್ಸು ಬದಲಾಯಿಸಿದ ಎಂದುಕೊಂಡೆ. ಇಲ್ಲ. ಕೀಲಿಕೈ ಕೊಡಲು ಬಂದವನು, ಕೊಡುವ ಮುಂಚೆ ಎಲ್ಲ ಪಂಜರಗಳ ನೀರು ತುಂಬುತ್ತಿದ್ದ. ಒಂದೊಂದು ಬಾಟಲಿಯನ್ನೂ ತಲೆಕೆಳಗು ಮಾಡಿ, ನಳಿಕೆಯ ತುದಿಗೆ ಬೆರಳಿಟ್ಟು, ಹನಿ ಬೀಳುವುದನ್ನು ನೋಡಿ ಸಿಕ್ಕಿಸುತ್ತಿದ್ದ.

"ದಿನಾ ಇಂಗೆ ಬೆರಳಿಟ್ಟು ನೋಡಿ ಸ್ವಾಮಿ. ಬಾಟ್ಲಿ ತುಂಬೈತೆ ಅಂತ ನಂಬ್ಬೇಡಿ," ಎಂದ. "ವಯಸ್ಸಾಗಿ ಸಾಯೋದು ನಿಮ್ಮ ಪುಸ್ತಕಕ್ಕೆ ಬೇಕು, ಸರಿ. ನೀರಿಲ್ದೆ ಸತ್ತಿದ್ದು ಅದ್ರಲ್ಲಿ ಸೇರ್ಬಾರ್ದು."

ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊಂಗೆ ಮರದ ಪಕ್ಕದಿಂದ ಹೆಗ್ಗನಹಳ್ಳಿಯ ಕಡೆ ನಡೆದುಹೋದ. ನಾನು ಮೇಜನ್ನು ಬಾಗಿಲಿನಿಂದ ಎತ್ತಿ ಒಳಗೆ, ಪಂಜರಗಳ ನಡುವೆ ಹಾಕಿಕೊಂಡೆ. ಹೊಸ ಪುಸ್ತಕದಲ್ಲಿ 'ಜೀವಂತ' ಎಂಬ ಕಾಲಮ್ಮಿನ ಪಕ್ಕದಲ್ಲಿ ಸ್ಕೇಲು ಇಟ್ಟು ಇನ್ನೆರಡು ಗೆರೆ ಎಳೆದೆ. ಒಂದರ ಮೇಲೆ 'ಕಿವಿ ನೋಡಿದ್ದು' ಎಂದು ಬರೆದೆ. ಇನ್ನೊಂದರ ಮೇಲೆ, 'ನೀರಿನ ಹನಿ ನೋಡಿದ್ದು'. ಘಾಟಿಗೆ ಕಣ್ಣು ಉರಿಯುತ್ತಿತ್ತು. ಮೊದಲ ಪಂಜರದ ಬಾಟಲಿ ತೆಗೆದು ನಳಿಕೆಗೆ ಬೆರಳಿಟ್ಟೆ.